ಬೆದರುಬೊಂಬೆಯ ಕೋಟು

ನೊಣಕ್ಕೆ ಸಮಯಪ್ರಜ್ಞೆ ಇರುವುದಿಲ್ಲ. ಇದ್ದಿದ್ದರೆ ಅದು ಸುಗ್ಗಿ ಉತ್ಸವ ಸಮಿತಿಯ ಸಭೆಯಲ್ಲಿ, ಅದರಲ್ಲೂ ಅಧ್ಯಕ್ಷರು ಆ ಒಂದು ಪ್ರಶ್ನೆ ಕೇಳಿ ಎಲ್ಲರೂ ತಲೆ ತಗ್ಗಿಸಿ ಕೂತಿದ್ದ ಗಳಿಗೆಯಲ್ಲಿ, ಅರೆತೂಕನ ಕಿವಿಯ ಮೇಲೆ ಬಂದು ಕೂರುತ್ತಿರಲಿಲ್ಲ.

ಅರೆತೂಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಊರು ಇಟ್ಟದ್ದು. ಅವನ ಅಪ್ಪ ಮಾರುಕಟ್ಟೆಯ ದೊಡ್ಡ ತಕ್ಕಡಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಊರೊಳಗೆ ಬಂದ ಪ್ರತಿಯೊಂದು ಮೂಟೆಯನ್ನೂ ತೂಗಿ, "ಸರಿ" ಮತ್ತು "ಕಮ್ಮಿ" ಎಂಬ ಎರಡೇ ಮಾತಿನಲ್ಲಿ ಆಯುಷ್ಯ ಕಳೆದವರು. ಅವರನ್ನು ಊರು ತೂಕದಯ್ಯ ಎನ್ನುತ್ತಿತ್ತು. ಮಗ ನೀರು ಸರಬರಾಜು ಕಚೇರಿಗೆ ಸೇರಿ, ಮನೆಮನೆಯ ಮೀಟರು ಓದುವ ಕೆಲಸದಲ್ಲಿ ಮೊದಲ ತಿಂಗಳೇ ಎದುರುಮನೆಯ ಮೀಟರನ್ನು ತಲೆಕೆಳಗಾಗಿ ಓದಿ ಬಂದ ಮೇಲೆ, ಅವನಿಗೊಂದು ಹೆಸರು ಹುಡುಕುವ ಶ್ರಮ ಊರಿಗೆ ತಪ್ಪಿತು.

ಸಭೆ ನಡೆದದ್ದು ಮಾರುಕಟ್ಟೆಯ ಹಿಂದಿನ ಗೋದಾಮಿನಲ್ಲಿ. ಅಧ್ಯಕ್ಷರು ಬೀಜದಂಗಡಿಯ ಮಾಲೀಕರು; ಕಾರ್ಯದರ್ಶಿ ಔಷಧದಂಗಡಿಯವರು. ಚಪ್ಪರ ಯಾರದು, ಕುರ್ಚಿ ಯಾರದು, ಮೈಕು ಯಾರದು ಎಂಬುದೆಲ್ಲ ಜಗಳವಿಲ್ಲದೆ ತೀರ್ಮಾನವಾಗಿತ್ತು. ಯಾರಿಗೂ ಯಾವುದರಲ್ಲೂ ಅಷ್ಟು ಉತ್ಸಾಹ ಇರಲಿಲ್ಲ ಎಂಬುದು ಅದಕ್ಕೆ ಕಾರಣ. ಆ ವರ್ಷ ಬೆಳೆ ಸುಮಾರು, ಮೋಡ ಜಾಸ್ತಿ, ಅಧ್ಯಕ್ಷರಿಗೆ ಹಲ್ಲುನೋವು.

"ಇನ್ನು..." ಎಂದು ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಬೆದರುಬೊಂಬೆ?"

ಎಲ್ಲರ ತಲೆ ತಗ್ಗಿತು. ಪ್ರತಿ ವರ್ಷ ಉತ್ಸವದ ಬಯಲಿನ ನಡುವೆ ಆಳೆತ್ತರಕ್ಕಿಂತ ದೊಡ್ಡ ಬೆದರುಬೊಂಬೆ ನಿಲ್ಲಿಸಿ, ಸಂಜೆ ಅದಕ್ಕೆ ಬೆಂಕಿ ಇಡುವುದು ಊರಿನ ರೂಢಿ. ಬೆಳೆ ಮನೆ ಸೇರಿತು, ಇನ್ನು ನಿನ್ನ ಕಾವಲು ಸಾಕು, ಹೋಗಿ ಬಾ ಎಂದು ಅದರ ಅರ್ಥ. ಬೊಂಬೆ ಮಾಡುತ್ತಿದ್ದವರು ತೂಕದಯ್ಯ. ಯಾರೂ ಹೇಳದೆ, ಯಾರೂ ಕೇಳದೆ, ವರ್ಷವರ್ಷವೂ ಅವರೇ. ಹೋದ ಚಳಿಗಾಲದಲ್ಲಿ ಅವರ ಕಾವಲೂ ಮುಗಿದಿತ್ತು.

ಆಗ ಬಂತು ನೊಣ. ಅರೆತೂಕ ಕೈ ಎತ್ತಿ ಬೀಸಿದ.

"ಅಪ್ಪನ ಮಗ ಅಂದ್ರೆ ಹೀಗಿರ್ಬೇಕು!" ಎಂದು ಅಧ್ಯಕ್ಷರು ಮೇಜು ಕುಟ್ಟಿದರು. ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಹಿಂಡಿಕೊಂಡರು.

"ಅಲ್ಲ, ನಾನು ನೊಣ..." ಎಂದ ಅರೆತೂಕ.

"ಗೊತ್ತಪ್ಪಾ, ಅಪ್ಪನ ಮುಂದೆ ನಾವೆಲ್ಲಾ ನೊಣಗಳೇ," ಎಂದರು ಅಧ್ಯಕ್ಷರು.

ಇಂಥ ವಿನಯವಂತನನ್ನು ಊರು ನೋಡಿರಲಿಲ್ಲ. ಸಭೆ ಅಲ್ಲಿಗೆ ಮುಗಿಯಿತು.

ಮನೆಗೆ ಬಂದಾಗ ಹೆಂಡತಿ ಹಗ್ಗದಿಂದ ತೆಗೆದ ಬಟ್ಟೆ ಮಡಿಸುತ್ತಿದ್ದಳು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಸುದ್ದಿ ಆಗಲೇ ಎದುರುಮನೆಯಾಕೆಯ ಬಾಯಲ್ಲಿ ಬೀದಿ ದಾಟಿ ಮನೆ ಸೇರಿತ್ತು.

"ರೀ, ನನ್ನ ಮುಖ ನೋಡಿ ಹೇಳಿ. ಕೈ ಯಾಕೆ ಎತ್ತಿದ್ರಿ?"

"ನೊಣ."

"ಅಂದುಕೊಂಡೆ." ಅವಳು ಅವನ ಅಂಗಿಯ ತೋಳನ್ನು ಮಡಿಸಿ ಅದರ ಮೇಲೊಂದು ಏಟು ಹಾಕಿದಳು. "ಒಂದು ಮೊಳೆ ನೆಟ್ಟಗೆ ಹೊಡೆಯೋಕೆ ಬರಲ್ಲ ನಿಮಗೆ. ಬೆಳಿಗ್ಗೆನೇ ಹೋಗಿ ಆಗಲ್ಲ ಅಂತ ಹೇಳ್ಬಿಡಿ."

"ಹೇಳ್ತೀನಿ. ಎದ್ದ ತಕ್ಷಣ ಹೇಳ್ತೀನಿ."

ಆಗ ಒಳಕೋಣೆಯ ಬಾಗಿಲು ಕಿರ್ ಎಂದಿತು. ಇಬ್ಬರೂ ತಿರುಗಿ ನೋಡಿದರು. ಹೊಸ್ತಿಲ ಮೇಲೆ ಅಮ್ಮ ನಿಂತಿದ್ದರು.

ಇದು ಸಣ್ಣ ವಿಷಯ ಅಲ್ಲ. ತೂಕದಯ್ಯ ಹೋದಂದಿನಿಂದ ಅಮ್ಮ ಕೋಣೆಯ ಕಿಟಕಿಯ ಪಕ್ಕ ಕೂತವರು ಕೂತೇ ಇದ್ದರು. ಕರೆದರೆ ಬರುತ್ತಿದ್ದರು, ಬಡಿಸಿದರೆ ಎರಡು ತುತ್ತು ತಿನ್ನುತ್ತಿದ್ದರು. ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅತ್ತಿರಲಿಲ್ಲ. ಹೆಣ ಎತ್ತಿದಾಗಲೂ ಇಲ್ಲ, ಆಮೇಲೂ ಇಲ್ಲ. ಅಳುವವರನ್ನು ಹೇಗಾದರೂ ಸಮಾಧಾನ ಮಾಡಬಹುದು. ಅಳದವರಿಗೆ ಏನು ಮಾಡುವುದು? ಸೊಸೆ ಹೆಚ್ಚಿಗೆ ಈರುಳ್ಳಿ ತಂದು ಹೆಚ್ಚಲು ಕೊಟ್ಟು ನೋಡಿದ್ದಳು. ಅತ್ತೆ ಒಣಗಣ್ಣಲ್ಲೇ ಬುಟ್ಟಿ ಮುಗಿಸಿ ಕೊಟ್ಟಿದ್ದರು. ಆ ವಾರವೆಲ್ಲ ಮನೆಯಲ್ಲಿ ಈರುಳ್ಳಿಯದೇ ಅಡುಗೆ.

"ನಿಮ್ಮಪ್ಪನ ಬೊಂಬೆ ನೀನು ಮಾಡ್ತೀಯಂತೆ," ಎಂದರು ಅಮ್ಮ.

ಅರೆತೂಕ ಹೆಂಡತಿಯ ಕಡೆ ನೋಡಿದ. ಹೆಂಡತಿ ಅನ್ನದ ಕಡೆ ನೋಡಿದಳು.

"ಹೂಂ ಅಮ್ಮ," ಎಂದ.

"ನಾನೂ ಬರ್ತೀನಿ ನೋಡೋಕೆ. ಅವರ ಕೋಟು ಲಾಂಡ್ರಿಗೆ ಹಾಕಿ ಒಗೆಸಿಕೊಂಡು ಬಾ. ಬಯಲಲ್ಲಿ ಗಾಳಿ, ಅದನ್ನೇ ಹೊದ್ದುಕೊಂಡು ಬರ್ತೀನಿ."

ಬಾಗಿಲು ಮತ್ತೆ ಕಿರ್ ಎಂದಿತು. ಅನ್ನ ಉಕ್ಕಿ ಒಲೆಗೆ ಸುರಿಯುತ್ತಿದ್ದರೂ ಯಾರೂ ಅತ್ತ ಹೋಗಲಿಲ್ಲ.

"ನೊಣದ ವಿಷಯ ಯಾರಿಗಾದ್ರೂ ಬಾಯಿ ಬಿಟ್ರೆ ನೋಡಿ ಮತ್ತೆ," ಎಂದಳು ಹೆಂಡತಿ, ಮೆಲ್ಲಗೆ.

ಹೀಗೆ ಅರೆತೂಕ ಬೊಂಬೆ ಮಾಡಲು ಕೂತ. ಹಿತ್ತಲಿನಲ್ಲಿ ಗಳ ತಂದು ಹಾಕಿದ, ನಲ್ಲಿಯ ಪಕ್ಕ ಒಂದು ಗಾಡಿ ಒಣಹುಲ್ಲು ಇಳಿಸಿದ. ಊರಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ನೋಟೀಸು ಕೊಡುವ ಕಚೇರಿಯವನ ಮನೆಯ ನಲ್ಲಿ ಯಾವಾಗಲೂ ಸೋರುತ್ತಲೇ ಇರುತ್ತಿತ್ತು. "ರೀ, ಹುಲ್ಲು ನೆನೀತಿದೆ," ಎಂದಳು ಹೆಂಡತಿ. ಅವನು ಮೇಲಿನ ಹುಲ್ಲು ಮುಟ್ಟಿ ನೋಡಿ, "ಗರಿಗರಿ ಇದೆಯಲ್ಲೇ," ಎಂದ. ಯಾವ ವಸ್ತುವನ್ನೂ ಮೇಲಿನಿಂದ ಮುಟ್ಟಿ ನೋಡುವುದೇ ಅವನ ಪದ್ಧತಿ.

ಬೊಂಬೆಗೆ ಒಂದು ಕಾಲು ಗಿಡ್ಡವಾಯಿತು. ಅದನ್ನು ಸರಿಮಾಡಲು ಇನ್ನೊಂದನ್ನು ಕತ್ತರಿಸಿದ; ಅದು ಇನ್ನೂ ಗಿಡ್ಡವಾಯಿತು. ಕೊನೆಗೆ ಬೊಂಬೆ, ಪಕ್ಕದವರ ಮಾತು ಕದ್ದು ಕೇಳುವವರ ಹಾಗೆ ಒಂದು ಕಡೆಗೆ ವಾಲಿ ನಿಂತಿತು. ಗೋಣಿಯ ತಲೆಯ ಮೇಲೆ ಇದ್ದಿಲಿನಿಂದ ನಗುಮುಖ ಬರೆಯಲು ಹೊರಟ. ಹುಬ್ಬುಗಳು ಒಂದಕ್ಕೊಂದು ಕೂಡಿಕೊಂಡು, ನಗು ಕೆಳಮುಖವಾಗಿ, ನೋಡಿದವರಿಗೆ ತಾವೇನೋ ತಪ್ಪು ಮಾಡಿದ್ದೇವೆ ಅನ್ನಿಸುವಂಥ ಮುಖ ಬಂತು. ಎದುರುಮನೆಯಾಕೆ ಬೀದಿ ದಾಟಿ ಬಂದು ಬೇಲಿಯ ಮೇಲಿಂದ ಇಣುಕಿ, ಯಾಕೋ ಸೆರಗು ಸರಿಮಾಡಿಕೊಂಡು ವಾಪಸ್ ಹೋದಳು.

ಉತ್ಸವದ ಬೆಳಿಗ್ಗೆ ಆಕಾಶ ಕಪ್ಪಗೆ ಇಳಿಬಿದ್ದಿತ್ತು. ಅರೆತೂಕ ಬಯಲಿಗೆ ಹೋಗುವ ದಾರಿಯಲ್ಲೇ ಲಾಂಡ್ರಿಯಿಂದ ಕೋಟು ತೆಗೆದುಕೊಂಡ. ಬೂದಿ ಬಣ್ಣದ ದಪ್ಪ ಉಣ್ಣೆಯ ಕೋಟು. ಗುಂಡಿಗಳೆಲ್ಲ ಕಪ್ಪು, ಒಂದು ಮಾತ್ರ ಕಂದು. ಸುಡುವ ಬಿಸಿಲಲ್ಲೂ ತೂಕದಯ್ಯ ಅದನ್ನು ಬಿಚ್ಚಿದವರಲ್ಲ. ಅವರಿಗೆ ಸದಾ ಚಳಿ. "ಮೋಡ ನೋಡಿ, ಒಳಗೆ ಇನ್ನೂ ಸ್ವಲ್ಪ ತೇವ ಇದೆ, ಗಾಳಿಗೆ ಹಾಕಿ," ಎಂದು ಲಾಂಡ್ರಿಯವನು ಅದನ್ನು ಕಂದು ಕಾಗದದಲ್ಲಿ ಸುತ್ತಿ ದಾರ ಕಟ್ಟಿಕೊಟ್ಟ. ಅದಕ್ಕೂ ಮೊದಲು ಮನೆಯಲ್ಲಿ ಹೆಂಡತಿ, ಬೊಂಬೆಗೆ ತೊಡಿಸಲೆಂದು ಒಂದು ಹಳೆಯ ಪರದೆ, ಒಂದು ಹರಕು ಅಂಗಿ ತೆಗೆದಿಟ್ಟಿದ್ದಳು. ಜನರ ಕಣ್ಣಿಗೆ ಚಿಂದಿ ಕಾಣಬಾರದೆಂದು ಅವಳೂ ಅದನ್ನು ಕಂದು ಕಾಗದದಲ್ಲೇ ಸುತ್ತಿ ದಾರ ಕಟ್ಟಿದ್ದಳು. ಅಚ್ಚುಕಟ್ಟುತನದಿಂದ ಜಗತ್ತಿನಲ್ಲಿ ಆಗಿರುವ ಅನಾಹುತಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಎರಡು ಪೊಟ್ಟಣವೂ ಸೈಕಲ್ಲಿನ ಹಿಂದೆ ಕೂತವು. ಬಯಲಿನಲ್ಲಿ ಹಮಾಲರು ಬೊಂಬೆಯನ್ನು ಗಾಡಿಯಿಂದ ಇಳಿಸುತ್ತಾ ತಿಣುಕುತ್ತಿದ್ದರು. "ಹುಲ್ಲಿಗೆ ಇಷ್ಟು ತೂಕನಾ? ತೂಕದ ಯಜಮಾನ್ರೇ ಒಳಗೆ ಕೂತವ್ರಾ ಹೆಂಗೆ?" ಅರೆತೂಕ ಅವರಿಗೆ ಒಂದು ಪೊಟ್ಟಣ ಕೊಟ್ಟು, "ಇದನ್ನ ತೊಡಿಸಿ ನಿಲ್ಲಿಸಿಬಿಡಿ, ಅಮ್ಮನ್ನ ಕರ್ಕೊಂಡು ಬರ್ತೀನಿ," ಎಂದು ಮನೆಗೆ ಹಾರಿದ.

ಅಮ್ಮ ಸ್ನಾನ ಮಾಡಿ, ತಲೆ ಬಾಚಿಕೊಂಡು, ಚಪ್ಪಲಿ ಹಾಕಿಕೊಂಡು ಕುರ್ಚಿಯ ಮೇಲೆ ಸಿದ್ಧವಾಗಿ ಕೂತಿದ್ದರು. ಅವರ ಕಾಲಲ್ಲಿದ್ದ ಚಪ್ಪಲಿಯನ್ನು ಅರೆತೂಕ ಎರಡು ಸಲ ನೋಡಿದ. ಪೊಟ್ಟಣ ಕೊಟ್ಟ. ಅಮ್ಮ ದಾರ ಬಿಚ್ಚಿದರು, ಕಾಗದ ಸರಿಸಿದರು, ಬಹಳ ಹೊತ್ತು ನೋಡಿದರು.

"ಇದು ಅಡುಗೆಮನೆ ಕಿಟಕಿ ಪರದೆ ಅಲ್ವೇನೋ?"

ಅರೆತೂಕ ಅಂಗಳಕ್ಕೆ ಜಿಗಿದ. ಸೈಕಲ್ಲು ಹತ್ತುವುದನ್ನೂ ಮರೆತು, ಅದನ್ನು ತಳ್ಳಿಕೊಂಡೇ ಬಯಲಿನ ತನಕ ಓಡಿದ.

ಅಲ್ಲಿ ಊರಿಗೆ ಊರೇ ಸೇರಿ ಒಂದೇ ಕಡೆ ನೋಡುತ್ತಿತ್ತು. ಬಯಲಿನ ನಡುವೆ, ಮೋಡದ ಕೆಳಗೆ, ಬೂದಿ ಬಣ್ಣದ ಕೋಟು ತೊಟ್ಟು, ಹುಬ್ಬು ಗಂಟಿಕ್ಕಿ, ಒಂದು ಕಡೆಗೆ ವಾಲಿ ತೂಕದಯ್ಯ ನಿಂತಿದ್ದರು.

"ಹೀಗೇ, ಹೀಗೇ ವಾಲಿ ನಿಲ್ತಿದ್ದ ನಮ್ಮಣ್ಣ," ಎಂದು ಅರೆತೂಕನ ಚಿಕ್ಕಪ್ಪ ಪಕ್ಕದವರಿಗೆ ಹೇಳುತ್ತಿದ್ದ. "ಸೊಂಟನೋವು ಇತ್ತು ನೋಡಿ. ಹುಡುಗ ಅದನ್ನೂ ಬಿಟ್ಟಿಲ್ಲ. ನಾನೇ ಹೇಳಿಕೊಟ್ಟೆ ಅನ್ನಿ." ಅವನು ಹೇಳಿಕೊಟ್ಟದ್ದು ಹಾಗಿರಲಿ, ಅಣ್ಣನ ಮನೆಗೆ ಬಂದೇ ಬಹಳ ಕಾಲವಾಗಿತ್ತು.

ಅರೆತೂಕ ಅಧ್ಯಕ್ಷರ ಕೈ ಹಿಡಿದುಕೊಂಡ. "ಸಾರ್, ಆ ಕೋಟು ಇಳಿಸ್ಬೇಕು."

ಅಧ್ಯಕ್ಷರು ಅವನನ್ನು ತಬ್ಬಿಕೊಂಡರು. "ಅತ್ತುಬಿಡು ಮಗನೇ, ಅತ್ತುಬಿಡು."

"ಅಳ್ತಿಲ್ಲ ಸಾರ್. ಪೊಟ್ಟಣ ಬದಲಾಗಿದೆ."

"ಹೂಂ ಕಣಪ್ಪಾ. ಎಲ್ಲಾ ಬದಲಾಗಿದೆ. ಆ ಕಾಲ ಹೋಯ್ತು, ಆ ಜನ ಹೋದ್ರು." ಎಂದವರೇ ಮೈಕಿನ ಹತ್ತಿರ ನಡೆದರು. "ಊರಿನವರೇ! ನಾನೂ ಇವರೂ ಎಷ್ಟೋ ವರ್ಷ ಮಾತು ಬಿಟ್ಟಿದ್ವಿ. ನನ್ನ ಮೂಟೆ ಕಮ್ಮಿ ಅಂದಿದ್ರು, ನಾಲ್ಕು ಜನರ ಮುಂದೆ. ಇವತ್ತು ಹೇಳ್ತೀನಿ ಕೇಳಿ." ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಮೂಟೆ ಕಮ್ಮಿನೇ ಇತ್ತು!"

ಜನ ಹೌಹಾರಿದರು. ಅಧ್ಯಕ್ಷರು ಏಣಿ ಹತ್ತಿ ತಮ್ಮ ಟೊಪ್ಪಿಯನ್ನು ತೆಗೆದು ಬೊಂಬೆಯ ತಲೆಗೆ ಇಟ್ಟು, ಕೈ ಮುಗಿದು ಇಳಿದರು.

ಅಷ್ಟೇ ಸಾಕಾಯಿತು. ಧಾನ್ಯದ ವ್ಯಾಪಾರಿ ಮುಂದೆ ಬಂದು, ಒಂದು ಸಲ ಮೂಟೆಯೊಳಗೆ ಕಲ್ಲು ಇಟ್ಟಿದ್ದೆ ಎಂದ. ತರಕಾರಿಯವಳು ಸೊಪ್ಪಿಗೆ ನೀರು ಹೊಯ್ದದ್ದನ್ನು ಒಪ್ಪಿಕೊಂಡಳು. ಅವಳ ಹಿಂದೆ ಅವಳ ನಾದಿನಿ, ನಾದಿನಿಯ ಹಿಂದೆ ಹಿಟ್ಟಿನ ಗಿರಣಿಯವನು. ಅವನ ಹಿಂದೆ ಸಾಲು ಬಯಲಿನ ಅಂಚು ಮುಟ್ಟಿತು. ಕಾರ್ಯದರ್ಶಿ ಸಾಲಿನುದ್ದಕ್ಕೂ ಓಡಾಡುತ್ತಾ, "ಒಬ್ಬರಿಗೆ ಒಂದೇ ತಪ್ಪು! ಒಂದೇ ಹೇಳಿ! ಮಕ್ಕಳ ಕುಣಿತ ಇನ್ನೂ ಬಾಕಿ ಇದೆ!" ಎಂದು ಕೂಗುತ್ತಿದ್ದರು. ಕುಣಿತಕ್ಕೆ ಬಣ್ಣ ಹಚ್ಚಿಕೊಂಡು ಬಂದ ಮಕ್ಕಳು ಸುಮ್ಮನೆ ಮೂಲೆಯಲ್ಲಿ ಕೂತು ನಿದ್ದೆ ಹೋದವು. ಉತ್ಸವಕ್ಕೆ ಬಂದವರು ಯಾರೂ ಉತ್ಸವದ ಮುಖದಲ್ಲಿ ಇರಲಿಲ್ಲ. ಬೊಂಬೆ ಮಾತ್ರ ಪ್ರತಿಯೊಬ್ಬರ ತಪ್ಪನ್ನೂ ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡಿತು. ಯಾರಿಗೂ "ಸರಿ" ಎನ್ನಲಿಲ್ಲ.

ಅರೆತೂಕ ಆಕಾಶ ನೋಡಿದ. ಸಂಜೆಯಾಗುತ್ತಿದೆ. ಸಂಜೆಯಾದರೆ ಬೆಂಕಿ. ಅಮ್ಮ ಚಪ್ಪಲಿ ಹಾಕಿಕೊಂಡು ಕೂತಿದ್ದಾರೆ. ಕೋಟು ಒಯ್ಯದಿದ್ದರೆ ಚಪ್ಪಲಿ ಬಿಚ್ಚಿ ಒಳಗೆ ಹೋಗುತ್ತಾರೆ. ಹೋದರೆ ಇನ್ನು ಆ ಕೋಣೆಯಿಂದ ಬರುವುದಿಲ್ಲ.

ಅವನು ಕಾರ್ಯದರ್ಶಿಯ ಕಿವಿಯಲ್ಲಿ ಹೇಳಿದ. ಅವರು ಒಂದು ಮಾತ್ರೆ ಕೊಟ್ಟು ನೀರು ಕುಡಿಸಿದರು. ಚಿಕ್ಕಪ್ಪನಿಗೆ ಹೇಳಿದ, ಅವನು, "ಗಂಡಸು ಹೀಗೆ ಧೈರ್ಯ ಕಳ್ಕೋಬಾರ್ದು," ಎಂದು ಬೆನ್ನಿಗೆ ಗುದ್ದಿದ. ಲಾಂಡ್ರಿಯವನಿಗಾದರೂ ಅರ್ಥವಾದೀತೆಂದು ಹೋದರೆ, ಅವನು ಸಾಲಿನಲ್ಲಿ ನಿಂತಿದ್ದ.

ಕೊನೆಗೆ ಅರೆತೂಕ ತಾನೇ ಏಣಿ ಹತ್ತಿದ. ಒಂದು ಗುಂಡಿ ಬಿಚ್ಚಿದ, ಎರಡನೆಯದಕ್ಕೆ ಕೈ ಹಾಕಿದ. ಮೊದಲೇ ವಾಲಿದ್ದ ಬೊಂಬೆ ಇನ್ನಷ್ಟು ವಾಲಿತು. ಅವನು ಬೀಳದಿರಲೆಂದು ಅದನ್ನು ಹಿಡಿದುಕೊಂಡ. ಅದು ಅವನನ್ನು ಹಿಡಿದುಕೊಂಡಂತೆ ಕಂಡಿತು. ಅಪ್ಪ ಮಗ ಇಬ್ಬರೂ ತಬ್ಬಿಕೊಂಡೇ ನೆಲಕ್ಕೆ ಬಂದರು. ಬಯಲು ಚಪ್ಪಾಳೆಯಿಂದ ನಡುಗಿತು. "ಅಬ್ಬಾ, ಎಂಥಾ ಪ್ರೀತಿ!" ಎಂದು ಎದುರುಮನೆಯಾಕೆ ಬಿಕ್ಕಿದಳು. ಹುಲ್ಲಿನ ಕೆಳಗೆ ಮಲಗಿದ್ದ ಅರೆತೂಕನಿಗೆ ಸೀಮೆಎಣ್ಣೆಯ ವಾಸನೆ ಬಡಿಯಿತು. ಕಾರ್ಯದರ್ಶಿ ಮುಂಜಾಗ್ರತೆಯ ಮನುಷ್ಯರು. ಆಗಲೇ ಸುರಿದು ಮುಗಿಸಿದ್ದರು.

ಹಮಾಲರು ಬೊಂಬೆಯನ್ನು ಎತ್ತಿ ನಿಲ್ಲಿಸಿದರು. ಚಪ್ಪಾಳೆ ಇದ್ದಕ್ಕಿದ್ದಂತೆ ನಿಂತಿತು. ಸಾಲು ಎರಡು ಪಾಲಾಗಿ ದಾರಿ ಬಿಟ್ಟಿತು.

ಸೊಸೆಯ ಕೈ ಹಿಡಿದುಕೊಂಡು ಅಮ್ಮ ಬರುತ್ತಿದ್ದರು. ಹೆಗಲ ಮೇಲೆ ಅಡುಗೆಮನೆಯ ಪರದೆ ಹೊದ್ದಿದ್ದರು. ಅದರ ಒಂದು ಅಂಚಿನಲ್ಲಿ ಒಗ್ಗರಣೆಯ ಎಣ್ಣೆ ಸಿಡಿದ ಕಲೆ ಇತ್ತು.

"ಎಷ್ಟು ಹೇಳಿದ್ರೂ ಕೇಳಲಿಲ್ಲ ರೀ," ಎಂದಳು ಹೆಂಡತಿ. "ಗಾಳಿಗೆ ಇದೂ ಆಗುತ್ತೆ ಅಂದ್ರು."

ಅಮ್ಮ ಬೊಂಬೆಯ ಎದುರು ನಿಂತರು. ಟೊಪ್ಪಿ ನೋಡಿದರು, ಹುಬ್ಬು ನೋಡಿದರು, ಕೋಟು ನೋಡಿದರು. ಅಧ್ಯಕ್ಷರು ಓಡಿ ಬಂದರು.

"ತಾಯೀ, ಇದನ್ನ ಸುಡಲ್ಲ. ಮಾರುಕಟ್ಟೆ ಬಾಗಿಲಲ್ಲೇ ನಿಲ್ಲಿಸ್ತೀವಿ. ಯಾವಾಗಲೂ ನಮ್ಮನ್ನ ನೋಡ್ತಾ ಇರಲಿ."

"ಅದು ಹೇಗಾಗುತ್ತೆ?" ಎಂದರು ಕಾರ್ಯದರ್ಶಿ. "ಸಂಜೆ ದಹನ ಅಂತ ಎಲ್ಲರಿಗೂ ಹೇಳಿದ್ದೀವಿ. ಪಕ್ಕದೂರಿನವರೂ ಬಂದಿದ್ದಾರೆ."

"ದಹನ ಮಾಡೋಕೆ ಅದೇನು ಬೊಂಬೆನಾ?"

"ಬೊಂಬೆನೇ ಅಲ್ವೇನ್ರೀ ಮತ್ತೆ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಅಮ್ಮನ ಮುಖ ನೋಡಿದರು. "ನೀವೇ ಹೇಳಿ ತಾಯೀ."

ಅರೆತೂಕನಿಗೆ ಇನ್ನು ತಡೆಯಲಾಗಲಿಲ್ಲ. ಅಮ್ಮನ ಹತ್ತಿರ ಹೋಗಿ, ಮೈಮೇಲಿನ ಹುಲ್ಲನ್ನೂ ಕೊಡವದೆ, ಗೊಣಗಿದ. "ಅಮ್ಮ, ನಾನು ಬೇಕಂತ ತೊಡಿಸಿದ್ದಲ್ಲ. ಪೊಟ್ಟಣ ಅದಲುಬದಲು ಆಯ್ತು. ಅವತ್ತು ಸಭೆಯಲ್ಲಿ ಕೈ ಎತ್ತಿದ್ದೂ ಅಪ್ಪನಿಗಾಗಿ ಅಲ್ಲ. ಕಿವಿ ಮೇಲೆ ನೊಣ ಕೂತಿತ್ತು."

ಹೆಂಡತಿ ಕಣ್ಣು ಮುಚ್ಚಿಕೊಂಡಳು.

"ಗೊತ್ತು," ಎಂದರು ಅಮ್ಮ. "ಹೆತ್ತವಳು ನಾನು, ನನಗೆ ಗೊತ್ತಾಗಲ್ವಾ? ನಿಮ್ಮಪ್ಪನೂ ಮೊದಲನೇ ವರ್ಷ ಕೈ ಎತ್ತಿದ್ದು ಬೊಂಬೆ ಮಾಡ್ತೀನಿ ಅಂತ ಅಲ್ಲ. ಕಿಟಕಿ ಮುಚ್ಚಿ ಅಂತ ಹೇಳೋಕೆ. ಚಳಿ ಆಗ್ತಿತ್ತಂತೆ. ಆಮೇಲೆ ಹೇಳೋಕೆ ನಾಚಿಕೆ. ಸಾಯೋ ತನಕ ಮಾಡಿದ್ರು."

ಅವರು ಮುಂದೆ ಹೋಗಿ, ಅರೆತೂಕ ಬಿಚ್ಚಿದ್ದ ಗುಂಡಿಯನ್ನು ಹಾಕಿದರು. ಕಾಲರ್ ಎತ್ತಿ ಗೋಣಿಯ ಕತ್ತಿಗೆ ಬೆಚ್ಚಗೆ ಮುಚ್ಚಿದರು. ಕಂದು ಗುಂಡಿಯ ಮೇಲೆ ಬೆರಳು ಒಂದು ಗಳಿಗೆ ನಿಂತಿತು.

"ಚಳಿ ಚಳಿ ಅಂತ ನನ್ನ ಪ್ರಾಣ ತಿಂದ್ರು. ಒಂದು ಸಂಜೆಯಾದ್ರೂ ಬೆಚ್ಚಗಾಗಲಿ," ಎಂದರು. "ಹಚ್ಚಿ."

ಅಧ್ಯಕ್ಷರು ಟೊಪ್ಪಿ ವಾಪಸ್ ಕೇಳಲೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಕಾರ್ಯದರ್ಶಿ ಪಂಜು ತಂದು ಅಮ್ಮನ ಕೈಗೆ ಕೊಟ್ಟರು. ಅಮ್ಮ ಬೊಂಬೆಯ ಕಾಲಿಗೆ ಮುಟ್ಟಿಸಿದರು. ಸೀಮೆಎಣ್ಣೆ ಭಗ್ ಎಂದಿತು. ಜನ ನಿಟ್ಟುಸಿರಿಟ್ಟು, ತಲೆ ಬಾಗಿಸಿದರು. ತಲೆ ಎತ್ತುವ ಹೊತ್ತಿಗೆ ಬೆಂಕಿ ಇರಲಿಲ್ಲ.

ಹೊಗೆ ಇತ್ತು.

ಮೊದಲು ತೋಳಿನಿಂದ ಬಂತು, ಆಮೇಲೆ ಕಾಲರಿನಿಂದ, ಆಮೇಲೆ ಎಲ್ಲ ಕಡೆಯಿಂದ. ದಪ್ಪ, ಬೆಳ್ಳಗಿನ, ನೆನೆದ ಹುಲ್ಲಿನ ಹೊಗೆ. ಅದಕ್ಕೆ ತೇವದ ಉಣ್ಣೆಯ ಹೊಗೆ ಸೇರಿ, ಮೋಡದ ಭಾರಕ್ಕೆ ಮೇಲೂ ಹೋಗಲಾರದೆ ಬಯಲಿನ ಮೇಲೆಯೇ ಹಾಸಿಕೊಂಡಿತು. ಕಾರ್ಯದರ್ಶಿ ಇನ್ನೊಂದು ಡಬ್ಬಿ ಸೀಮೆಎಣ್ಣೆ ಸುರಿದರು. ಭಗ್ ಎಂದಿತು, ಆರಿತು, ಹೊಗೆ ಇಮ್ಮಡಿಯಾಯಿತು. ಮೈಕಿನ ಹತ್ತಿರ ಅಧ್ಯಕ್ಷರು ಕೆಮ್ಮುವುದು ಊರಿಗೆಲ್ಲ ಕೇಳಿಸಿತು.

"ಕಾವು ಕಮ್ಮಿ," ಎಂದ ಒಬ್ಬ ಹಮಾಲ, ಥೇಟ್ ತೂಕದಯ್ಯನವರ ದನಿಯಲ್ಲಿ. ಯಾರೂ ನಗಲಿಲ್ಲ. ನಗಲು ಉಸಿರು ಬೇಕು.

ಅಳಬೇಕೆಂದುಕೊಂಡಿದ್ದವರೂ ಅತ್ತರು, ಅಂದುಕೊಳ್ಳದವರೂ ಅತ್ತರು. ಚಿಕ್ಕಪ್ಪ ಕಣ್ಣು ಉಜ್ಜಿಕೊಂಡು ದಾರಿ ಕಾಣದೆ ಚಪ್ಪರದ ಕಂಬಕ್ಕೆ ಹಾಯ್ದ. ಮಕ್ಕಳ ಮುಖದ ಬಣ್ಣ ಇಳಿದು ಕತ್ತಿಗೆ ಬಂತು. ಒಬ್ಬೊಬ್ಬರಾಗಿ ಜನ ಮೂಗು ಮುಚ್ಚಿಕೊಂಡು ಮನೆಯ ದಾರಿ ಹಿಡಿದರು. ಆ ವರ್ಷದ ಸುಗ್ಗಿ ಉತ್ಸವ ಹೀಗೆ ಮುಗಿಯಿತು. ಯಾರೂ ಮುಗಿಯಿತೆಂದು ಘೋಷಿಸಲಿಲ್ಲ.

ಅರೆತೂಕ ಹೊಗೆಯಲ್ಲಿ ಕೈ ಚಾಚಿ ಅಮ್ಮನನ್ನು ಹುಡುಕಿದ. ಪರದೆಯ ಅಂಚು ಸಿಕ್ಕಿತು. ಹಿಡಿದುಕೊಂಡ. ಪರದೆ ನಡುಗುತ್ತಿತ್ತು.

"ಅಮ್ಮ?"

ಅಮ್ಮ ಅಳುತ್ತಿದ್ದರು. ಹೆಗಲು ಕುಲುಕಿ, ಬಾಯಿ ತೆರೆದು, ಮಗುವಿನ ಹಾಗೆ.

"ಹೊಗೆ ಕಣೋ," ಎಂದರು, ಉಸಿರು ಸಿಕ್ಕಾಗ.

"ಹೂಂ ಅಮ್ಮ. ಹೊಗೆ."

ಅವರು ಅವನ ಎದೆಗೆ ತಲೆ ಇಟ್ಟರು. ಅವನು ಸೀಮೆಎಣ್ಣೆ ವಾಸನೆಯ ಕೈಯಿಂದ ಅವರ ಬೆನ್ನು ಸವರುತ್ತಾ ನಿಂತ. ಸುತ್ತ ಇನ್ನೂ ನಾಲ್ಕು ಜನ ಉಳಿದಿದ್ದಾರೆಂದು ಕಂಡ ಹೆಂಡತಿ, ಅತ್ತೆಯ ದನಿ ಅವರಿಗೆ ಕೇಳದಿರಲೆಂದು ಜೋರಾಗಿ ಕೆಮ್ಮತೊಡಗಿದಳು. ಕೆಮ್ಮುತ್ತಾ ಕೆಮ್ಮುತ್ತಾ ಅವಳಿಗೂ ಅಳು ಬಂತು. ಅವರ ಮುಂದೆ ಬೊಂಬೆ ತನ್ನ ಪಾಡಿಗೆ ಹೊಗೆಯಾಡುತ್ತಾ ನಿಂತಿತ್ತು, ಸುಡಲೂ ಒಪ್ಪದೆ, ಬೀಳಲೂ ಒಪ್ಪದೆ.

ಬಹಳ ಹೊತ್ತಾದ ಮೇಲೆ ಅಮ್ಮ ಪರದೆಯ ಎಣ್ಣೆಕಲೆ ಇಲ್ಲದ ಅಂಚಿನಿಂದ ಮುಖ ಒರೆಸಿಕೊಂಡರು.

"ಹಸಿ ಹುಲ್ಲು ತುಂಬಿದ್ಯಾ?"

"ನಲ್ಲಿ ಪಕ್ಕ ಇಟ್ಟಿದ್ದೆ. ಸೋರ್ತಿತ್ತು." ಅರೆತೂಕ ತಲೆ ತಗ್ಗಿಸಿದ. "ನಾಳೆನೇ ರಿಪೇರಿ ಮಾಡಿಸ್ತೀನಿ ಅಮ್ಮ."

ಅಮ್ಮನ ಕಣ್ಣಿಂದ ನೀರು ಮತ್ತೆ ಇಳಿಯಿತು. ಈ ಸಲ ಒರೆಸಿಕೊಳ್ಳಲಿಲ್ಲ.

"ನಿಧಾನಕ್ಕೆ ಮಾಡಿಸು," ಎಂದರು. "ಏನು ಅವಸರ."